ಬಾವಿಯಿಂದ ಮೂಡಲಕ್ಕೆ

“ಇಲ್ಲೇ,” ಎಂದು ಈಶ್ವರ ಚಪ್ಪಲಿಯ ತುದಿಯಿಂದ ಕೆಸರನ್ನು ಒತ್ತಿದ. “ಬಾವಿ ಇದ್ದದ್ದು ಇಲ್ಲೇ.”

ಒಂದು ತಾಸಿನಲ್ಲಿ ಇದು ಅವನು ತೋರಿಸಿದ ಮೂರನೆಯ ಜಾಗ. ಮೂರು ಸಲವೂ ಅಷ್ಟೇ ಖಾತ್ರಿಯಿಂದ ತೋರಿಸಿದ್ದ. ಜಮಖಂಡಿಯ ಕಾಲೇಜಿನಲ್ಲಿ ಹದಿನೆಂಟು ವರ್ಷ ಗಣಿತ ಹೇಳಿದವನಿಗೆ ಅನುಮಾನ ಒಗ್ಗದು.

ಬೇಸಿಗೆಗೆ ಆಣೆಕಟ್ಟಿನ ಹಿನ್ನೀರು ಸರಿದು, ಮುಳುಗಿದ ಹೊಲ ಮೇಲೆದ್ದಿತ್ತು. ಬದು ಇಲ್ಲ, ಬೇವಿನ ಮರ ಇಲ್ಲ. ಹೊಳೆಯ ತನಕ ಒಂದೇ ಸಮ ಹೂಳು. ಪರಿಹಾರ ಕೊಟ್ಟ ಸರ್ಕಾರದ ಭೂಮಿ ಅದು, ಆದರೆ ಮಳೆಗಾಲದ ತನಕ ಕೇಳುವವರಿಲ್ಲ. ನಡುವಿನ ಹಸಿ ಪಟ್ಟಿಯೊಂದನ್ನು ಬಿಟ್ಟು ತಮ್ಮ ಶಿವಯೋಗೆಪ್ಪ ಇಡೀ ಹೊಲಕ್ಕೆ ಸೌತೆ ಹಾಕಿದ್ದ.

ಈಶ್ವರನ ಜೇಬಿನಲ್ಲಿ ಅಪ್ಪನ ಮರಣಪತ್ರವಿತ್ತು. ಹೊಲ ಮುಳುಗುವ ಮೊದಲು ಬರೆಸಿದ್ದು. ಬಾವಿಯಿಂದ ಮೂಡಲಕ್ಕೆ ಈಶ್ವರನಿಗೆ, ಪಡುವಲಕ್ಕೆ ಶಿವಯೋಗೆಪ್ಪನಿಗೆ.

ಈಶ್ವರನಿಗೆ ಸೌತೆ ಬೇಕಿರಲಿಲ್ಲ. ಇಷ್ಟು ನೆಲ ನಿನ್ನದು ಎಂದು ಯಾರಾದರೂ ಬಾಯಿಬಿಟ್ಟು ಒಪ್ಪಬೇಕಿತ್ತು. ನಗುತ್ತಾಳೆಂದು ಹೆಂಡತಿಗೆ ಹೇಳದೆ ಬಂದಿದ್ದ.

“ನೀ ಅಂದಲ್ಲಿ ಬಾವಿ ಇಟ್ರ ನನಗ ಉಳಿಯೂದು ಕೌದಿ ಹಾಸೂವಷ್ಟ ಜಾಗಾ ನೋಡಣ್ಣ,” ಎಂದ ಶಿವಯೋಗೆಪ್ಪ.

“ನನಗ ಲೆಕ್ಕಾ ಕಲಸಬ್ಯಾಡ.”

“ಲೆಕ್ಕಾ ಅಲ್ಲೋ ಮಾರಾಯಾ, ಬಾವಿ ಕೇಳಾಕತ್ತೇನಿ. ಅದರಾಗಿಂದ ಒಂದು ಕೊಡಾ ನೀರರ ಜಗ್ಗಿದ್ಯೇನು?”

ಈಶ್ವರ ಹೊಳೆಯ ಕಡೆ ನೋಡಿದ.

“ನನಗೂ ನೆನಪಿಲ್ಲ ಬಿಡು,” ಶಿವಯೋಗೆಪ್ಪ ಉಗುಳಿದ. “ಸಣ್ಣಾಂವಿದ್ದಾಗಿಂದ ಕಬ್ಬಿನ ಗಾಡಿ ಹತ್ತಿ ಸಮೀರವಾಡಿ ಸಕ್ಕರಿ ಫ್ಯಾಕ್ಟರಿಗೆ ಹೋದಾಂವ ನಾ. ಅಕ್ಕನ್ನ ಕೇಳೂಣು.”

ಗಂಡ ತೀರಿದ ಮೇಲೆ ಶಿವಯೋಗೆಪ್ಪನ ಮನೆಯಲ್ಲೇ ಇದ್ದ ಅಕ್ಕ ಗುರುಬಸವ್ವ ಬುತ್ತಿ ಬಿಚ್ಚುತ್ತಿದ್ದಳು. ಮದುವೆಯಾಗುವ ತನಕ ಆ ಬಾವಿಯಿಂದ ಮನೆಗೆ ನೀರು ಹೊತ್ತವಳು ಅವಳೇ.

“ಯಕ್ಕಾ, ಬಾವಿ ಎಲ್ಲಿತ್ತ ಬೇ?” ಈಶ್ವರ ಕೇಳಿದ.

“ಕಾಗದದಾಗ ಬರದಿಲ್ಲೇನು?”

“ಬಾವಿ ಅಂತ ಐತಿ. ಎಲ್ಲಿ ಅಂತಿಲ್ಲ.”

“ಗುರುಬಸವ್ವ ಅಂತ ಎಲ್ಲ್ಯರ ಐತೇನು ನೋಡು. ಕಲಿತಾಂವ ನೀ.”

ಈಶ್ವರ ಕಾಗದ ತೆಗೆದ. ತೆಗೆಯಬೇಕಾಗಿರಲಿಲ್ಲ, ಬರೆಸಿದ ದಿನ ಎಲ್ಲರೆದುರು ಗಟ್ಟಿಯಾಗಿ ಓದಿದವನು ಅವನೇ.

“ಇಲ್ಲ.”

“ಹಂಗಾದ್ರ ನೀರು ಹೊತ್ತಾಕಿ ಬ್ಯಾರೆ ಯಾರೋ ಇರಬೇಕು. ಆಕೀನ್ನ ಹುಡಿಕ್ಕೋರಿ. ರೊಟ್ಟಿ ತಿನ್ರಿ, ಆರತಾವ.”

ಊಟವಾದ ಮೇಲೆ ಗುರುಬಸವ್ವ ಬರಿದಾದ ಬುತ್ತಿಯ ಬುಟ್ಟಿಯನ್ನು ತಲೆಯ ಮೇಲಿಟ್ಟು, ಹಸಿ ಪಟ್ಟಿಯನ್ನು ಹಾಯ್ದು ರಸ್ತೆಯ ಕಡೆ ನೆಟ್ಟಗೆ ನಡೆದಳು. ನಡುವೆ ಒಂದು ಕಡೆ, ಏನೂ ಇಲ್ಲದ ಬಯಲಿನಲ್ಲಿ, ಅವಳ ಕಾಲುಗಳು ಹೊರಳಿ ಅರ್ಧ ಸುತ್ತು ಬಳಸಿ ಮತ್ತೆ ನೆಟ್ಟಗಾದವು. ಅವಳಿಗೆ ಅದು ಗೊತ್ತೇ ಆದಂತಿರಲಿಲ್ಲ.

ಅಣ್ಣತಮ್ಮ ಇಬ್ಬರೂ ಅದನ್ನು ಕಂಡರು.

ಈಶ್ವರ ಓಡಿದ. ಹೆಜ್ಜೆಗಳು ಬಳಸಿ ಬಿಟ್ಟ ಜಾಗದ ನಟ್ಟನಡುವೆ ಹೋಗಿ ನಿಂತ. “ನಾ ಹೇಳಿದ್ದಿಲ್ಲಾ?” ಎಂದು ಕೂಗಿದ. ಹೂಳು ಮೆತ್ತಗೆ ದಾರಿ ಬಿಟ್ಟಿತು. ಮೊಣಕಾಲಿನ ತನಕ ಇಳಿದ. ಸಂಶಯವೇ ಇಲ್ಲ, ಬಾವಿಯೇ.

“ಅಲ್ಲೇ ನಿಂದರಣ್ಣ! ಅಲಗಬ್ಯಾಡ!”

ಶಿವಯೋಗೆಪ್ಪ ಗಟ್ಟಿ ನೆಲಕ್ಕೆ ಬಂದು, ಅವನಿಗೆ ಬೆನ್ನು ಮಾಡಿ, ತನ್ನ ಪಾಲು ಅಳೆಯಲು ಪಡುವಲಕ್ಕೆ ಹೆಜ್ಜೆ ಎಣಿಸತೊಡಗಿದ. ಒಂದು. ಎರಡು. ಮೂರು.

ಹೂಳು ತೊಡೆಗೆ ಬಂತು. ಈಶ್ವರ ಕೂಗಲಿಲ್ಲ, ಅಲುಗಿದರೆ ಗಡಿ ತಪ್ಪುತ್ತಿತ್ತು. ಎಣಿಕೆ ದೂರವಾಗುತ್ತ ಹೋಯಿತು. ಬೆಳ್ಳಕ್ಕಿಯೊಂದು ಹಾರಿ ಬಂದು ಅವನ ಕೈಯಳತೆಯಲ್ಲಿ ಇಳಿಯಿತು. ಒಮ್ಮೆ ಅವನತ್ತ ಕತ್ತು ಹೊರಳಿಸಿ ನೋಡಿ, ಅಂಜದೆ, ಅವನ ಸುತ್ತಲಿನ ಕೆಸರಿನಲ್ಲಿ ಹುಳ ಹೆಕ್ಕತೊಡಗಿತು.