ಅಸಲಿ ಪುಟ

ಮೊದಲ ದೂರು ದೆಹಲಿಯ ಹೌಜ್ ಖಾಸ್‌ನಿಂದ ಬಂತು. ನಮ್ಮ ಹುಳಿಪುಡಿ ಹಾಕಿದರೆ ಸಾರಿಗೆ ಮರದ ಹೊಟ್ಟಿನ ವಾಸನೆ ಬರುತ್ತದೆ ಎಂದು ಒಬ್ಬ ಹೆಂಗಸು ಫೋನಿನಲ್ಲಿ ಬೈದರು. ದೊಡ್ಡಮ್ಮ ಹೆಸರು ಕೇಳಿದರು. ಆ ಹೆಸರಿಗೆ ನಾವು ಏನನ್ನೂ ಕಳಿಸಿರಲಿಲ್ಲ. ಪ್ಯಾಕೆಟ್ಟುಗಳ ಮೇಲೆ ಹೆಸರು ಬರೆಯುವವಳು ನಾನೇ.

ದೊಡ್ಡಮ್ಮ ವಿಜಯಮ್ಮ ನನ್ನ ಅಮ್ಮನ ಅಕ್ಕ. ದೊಡ್ಡಪ್ಪ ತೀರಿಕೊಂಡ ಮೇಲೆ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಮುನಿರ್ಕಾದ ಬಾಡಿಗೆ ಮನೆಗೆ ಬಂದರು. ನಾನು ಶಾಲೆ ಬಿಟ್ಟು ಅವರ ಜೊತೆ ಸೇರಿಕೊಂಡೆ. ಹುಳಿಪುಡಿ, ಚಟ್ನಿಪುಡಿ, ಬಿಸಿಬೇಳೆಭಾತ್ ಪುಡಿ ಮಾಡಿ ಮಾರುವುದರಿಂದಲೇ ಆ ಮನೆ ನಡೆಯುತ್ತಿತ್ತು. ಕೊಳ್ಳುವವರು ದೊಡ್ಡಮ್ಮನ ಹೆಸರನ್ನು ನಂಬಿ ಕೊಳ್ಳುತ್ತಿದ್ದರು.

ವೆಬ್‌ಸೈಟ್ ಮಾಡಿಕೊಟ್ಟವನು ಶ್ರೀವತ್ಸ. ನೋಯ್ಡಾದಲ್ಲಿ ಕೆಲಸ, ಮಂಡ್ಯದ ಕಡೆಯವನು, ಭಾನುವಾರದ ಊಟ ನಮ್ಮಲ್ಲೇ.

"ಆಂಟಿ, ನಿಮ್ಮ ಸಾರು ಕುಡಿದ್ಮೇಲೆ ನಮ್ಮ ಕ್ಯಾಂಟೀನ್ ಮೇಲೆ ಕೇಸ್ ಹಾಕೋಣ ಅನ್ಸತ್ತೆ."

"ಹಾಕಪ್ಪ, ಸಾಕ್ಷಿಗೆ ನಾನೇ ಬರ್ತೀನಿ," ಎನ್ನುತ್ತಿದ್ದರು ದೊಡ್ಡಮ್ಮ. ವೆಬ್‌ಸೈಟಿನ ಪಾಸ್‌ವರ್ಡ್ ಕೊಡಲು ಬಂದಾಗ ಅವರು ತೆಗೆದುಕೊಳ್ಳಲೇ ಇಲ್ಲ. "ನಿನ್ನ ಹತ್ರಾನೇ ಇರ್ಲಿ. ಈ ಊರಲ್ಲಿ ಕನ್ನಡ ಮಾತಾಡೋನು ಮನೆಯವನೇ."

ನಮ್ಮ ವೆಬ್‌ಸೈಟಿನಲ್ಲಿ ಒಂದೇ ಪುಡಿಗೆ ಎರಡು ಪುಟಗಳಿದ್ದವು. ಕನ್ನಡದವರಿಗೆ 'ಹುಳಿಪುಡಿ', ಉಳಿದವರಿಗೆ 'ಸಾಂಬಾರ್ ಮಸಾಲಾ'. ಫೋಟೋ, ವಿವರ ಎಲ್ಲ ಒಂದೇ. ಹಾಗಿದ್ದರೆ ಯಾವುದನ್ನು ತೋರಿಸಬೇಕೆಂದು ಗೂಗಲ್‌ಗೆ ತಿಳಿಯುವುದಿಲ್ಲ, ಎರಡನ್ನೂ ಹಿಂದೆ ತಳ್ಳುತ್ತದೆ ಎಂದು ಶ್ರೀವತ್ಸ ಹೇಳಿದ್ದ. ಅದಕ್ಕೆ ಪ್ರತಿ ಪುಟದ ಒಳಗೂ ಗಿರಾಕಿಗಳಿಗೆ ಕಾಣದ ಒಂದು ಸಾಲು ಸೇರಿಸಿದ. ಅಸಲಿ ಪುಟ ಯಾವುದೆಂದು ಗೂಗಲ್‌ಗೆ ಹೇಳುವ ಸಾಲು. ಅದಕ್ಕೆ ಕ್ಯಾನೊನಿಕಲ್ ಎನ್ನುತ್ತಾರಂತೆ. ಪುಟದ ಒಳಗನ್ನು ತೆರೆದು ಅದನ್ನು ಬರೆಯುವಾಗ ನಾನು ಅವನ ಹಿಂದೆಯೇ ನಿಂತಿದ್ದೆ. ಹಿಂದೆ ನಿಂತವರನ್ನು ಅವನು ಗಮನಿಸುವುದಿಲ್ಲ.

ದೂರುಗಳು ಹೆಚ್ಚಾದವು, ಆರ್ಡರ್‌ಗಳು ನಿಂತವು. ಮೆಣಸಿನಕಾಯಿ ಹುರಿಯುವ ಬಾಣಲೆ ವಾರವಿಡೀ ತಣ್ಣಗೆ ಕುಳಿತಿತ್ತು. ಒಂದು ಮಧ್ಯಾಹ್ನ ನಾನು ಗೂಗಲ್‌ನಲ್ಲಿ ನಮ್ಮ ಪುಡಿಯ ಹೆಸರು ಹಾಕಿದೆ. ಮೊದಲು ಬಂದದ್ದು ನಮ್ಮ ವೆಬ್‌ಸೈಟ್ ಅಲ್ಲ. ಆದರೆ ಫೋಟೋದಲ್ಲಿ ಪುಡಿ ತುಂಬಿದ ಬಟ್ಟಲು ಹಿಡಿದಿದ್ದ ಕೈ ನನ್ನದು. ಕೆಳಗೆ 'ನಮ್ಮತ್ತೆ ಕಲಿಸಿದ ಹದ' ಎಂಬ ದೊಡ್ಡಮ್ಮನ ಮಾತು, ಅವರ ಹೆಸರು, ಮುನಿರ್ಕಾದ ಮನೆಯ ವಿಳಾಸ. ಎಷ್ಟು ಕೆಳಗೆ ಹೋದರೂ ನಮ್ಮ ಪುಟ ಸಿಗಲಿಲ್ಲ.

ಶ್ರೀವತ್ಸ ಮಾಡಿದ್ದಂತೆಯೇ ನಮ್ಮ ಪುಟದ ಒಳಗನ್ನು ತೆರೆದೆ. ನೋಡುವುದಕ್ಕೆ ಪಾಸ್‌ವರ್ಡ್ ಬೇಕಿಲ್ಲ, ತಿದ್ದುವುದಕ್ಕೆ ಮಾತ್ರ ಬೇಕು. ಆ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅಸಲಿ ಎಂದು ಅಲ್ಲಿ ಬರೆದಿದ್ದದ್ದು ಆ ಇನ್ನೊಂದು ವೆಬ್‌ಸೈಟಿನ ವಿಳಾಸ. ನಮ್ಮ ಪುಟವೇ ಗೂಗಲ್‌ಗೆ ತಾನು ನಕಲು ಎಂದು ಹೇಳುತ್ತಿತ್ತು. ಉಳಿದ ಪುಡಿಗಳ ಪುಟಗಳಲ್ಲೂ ಅದೇ.

ಭಾನುವಾರ ಅವನು ಊಟಕ್ಕೆ ಬಂದ. ನಾನು ಮೊದಲೇ ಹೇಳಿದ್ದರಿಂದ ದೊಡ್ಡಮ್ಮ ಎಲೆ ಹಾಕಲಿಲ್ಲ.

"ಆ ಇನ್ನೊಂದು ಅಂಗಡಿ ಯಾರದಪ್ಪ?"

ಅವನು ಸ್ವಲ್ಪವೂ ಬೆಚ್ಚಲಿಲ್ಲ. "ಓ, ಅದಾ? ಟೆಸ್ಟಿಂಗ್‌ಗೆ ಮಾಡಿದ್ದು ಆಂಟಿ. ಸಾಲು ತಪ್ಪಾಗಿ ಉಳ್ಕೊಂಡಿದೆ. ಯಾರು ನೋಡಿದ್ದು?"

ದೊಡ್ಡಮ್ಮ ನನ್ನ ಕಡೆ ನೋಡಿದರು. ಅವನೂ ನೋಡಿದ, ಬಹುಶಃ ಮೊದಲ ಸಲ.

"ಅಚ್ಛಾ, ಇವಳಾ! ಎಷ್ಟನೇ ಕ್ಲಾಸಮ್ಮ ನೀನು?"

"ಅವಳ ಕ್ಲಾಸ್ ಕಟ್ಕೊಂಡು ನಿಂಗೇನು? ಈಗ್ಲೇ ತೆಗಿ."

ಅವನು ಕಂಪ್ಯೂಟರಿನ ಮುಂದೆ ಕುಳಿತು ಹುಳಿಪುಡಿಯ ಪುಟದ ಸಾಲನ್ನು ಅಳಿಸಿ ಎದ್ದ. "ಆಯ್ತು. ಆದ್ರೆ ಗೂಗಲ್ ನಂಬೋಕೆ ಟೈಮ್ ಹಿಡಿಯತ್ತೆ. ಅಲ್ಲೀವರ್ಗೂ ನಕಲು ನೀವೇ."

"ಉಳಿದ ಪುಟ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು. ನಗುತ್ತಾ ಹತ್ತಿರ ಬಂದು, "ನೀನೇ ತೆಗಿ, ನೋಡೋಣ. ಪಾಸ್‌ವರ್ಡ್ ಗೊತ್ತಾ?" ಎಂದ.

ಆಗ ಯಾರೋ ಬಾಗಿಲು ಬಡಿದರು. ಹೊರಗೆ ಒಬ್ಬ ನಡುವಯಸ್ಸಿನ ಗಂಡಸು, ಅವನ ಹಿಂದೆ ಮೆಟ್ಟಿಲ ತುಂಬ ಜನ. ಅವನ ಕೈಯಲ್ಲಿ ಒಡೆದ ಹುಳಿಪುಡಿ ಪ್ಯಾಕೆಟ್. ಅದರ ಮೇಲೆ ದೊಡ್ಡಮ್ಮನ ಹೆಸರು ಅಚ್ಚಾಗಿತ್ತು. ನಾವು ಯಾವತ್ತೂ ಹೆಸರನ್ನು ಅಚ್ಚು ಹಾಕಿಸಿಲ್ಲ. ಇದನ್ನು ತಿಂದು ತನ್ನ ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಕಣ್ಣು ಬಿಟ್ಟಿಲ್ಲ, ವಿಜಯಮ್ಮ ಅಂದರೆ ಯಾರು ಎಂದು ಅವನು ಹಿಂದಿಯಲ್ಲಿ ಕೇಳಿದ.

ದೊಡ್ಡಮ್ಮ ಪ್ಯಾಕೆಟ್ ಮೂಸಿ, "ಇದು ನಮ್ದಲ್ಲ," ಎಂದರು, ಕನ್ನಡದಲ್ಲಿ. ಗಾಬರಿಗೆ ಅವರಿಗೆ ಹಿಂದಿ ಹೊರಡಲಿಲ್ಲ. ಹಾಗೇ ತಿರುಗಿ ಶ್ರೀವತ್ಸನ ತೋಳು ಹಿಡಿದರು. "ನೀನಾದ್ರೂ ಹೇಳಪ್ಪ ಅವ್ರಿಗೆ."

ಶ್ರೀವತ್ಸ ತೋಳು ಬಿಡಿಸಿಕೊಂಡು ಶೂ ಹಾಕಿಕೊಂಡ. ಬಾಗಿಲಲ್ಲಿದ್ದ ಗಂಡಸಿಗೆ ದಾರಿ ಬಿಡುತ್ತಾ, ಬಹಳ ಮರ್ಯಾದೆಯಿಂದ ಹೇಳಿದ:

"ಹಾಂ ಭಯ್ಯಾ, ಯಹೀ ಹೈ. ಅಸಲಿ ದುಕಾನ್ ಯಹೀ ಹೈ."

ಅಸಲಿ ಅಂಗಡಿ ಇದೇ ಎಂದು ಹೇಳಿ, ಆ ಜನರ ನಡುವೆ ದಾರಿ ಮಾಡಿಕೊಂಡು ಅವನು ಮೆಟ್ಟಿಲಿಳಿದ. ಅವರು ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು.