ಕಳಿಸದ ಕಾಗದ

ಮೊಮ್ಮಗಳು ರುಕ್ಸಾಂದ್ರಾ ನನ್ನೊಡನೆ ಮಾತು ಬಿಟ್ಟು ಮೂರು ದಿನವಾಗಿತ್ತು. ಮನೆಯಲ್ಲಿರುವುದೇ ಮೂರು ಜನ: ನಾನು, ಮಗಳು ಲಿವಿಯಾ, ಅವಳ ಮಗಳು ಹದಿನಾರರ ಈ ರುಕ್ಸಿ. ಮೂವರ ಮನೆಯಲ್ಲಿ ಒಬ್ಬರು ಬಾಯಿ ಮುಚ್ಚಿದರೆ ತಟ್ಟೆಗೆ ಚಮಚ ತಾಗುವ ಸದ್ದೂ ದೊಡ್ಡದಾಗಿ ಕೇಳುತ್ತದೆ.

ರುಕ್ಸಿಯ ಅಪ್ಪ ಮನೆ ಬಿಟ್ಟು ಆರು ವರ್ಷವಾಯಿತು. ದೂರದ ಒರಾದ್ಯಾ ಪಟ್ಟಣದಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ. ಒಂದು ಭಾನುವಾರ ಬಾಲ್ಕನಿಯಲ್ಲಿ ಕೂತು ಮುರಬ್ಬಕ್ಕೆಂದು ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಿದ್ದಾಗ ಅವಳು ನನ್ನ ಕಿವಿಯ ಹತ್ತಿರ ಬಂದು, “ತಾತ, ನಾನು ಅಪ್ಪನ ಹತ್ರ ಹೋಗಿ ಇರ್ಬೇಕು ಅಂತಿದೀನಿ. ಅಮ್ಮಂಗೆ ಹೇಳ್ಬೇಡ” ಎಂದಳು. ಹೇಳುವುದಿಲ್ಲ ಎಂದೆ. ಹೇಳಲೂ ಇಲ್ಲ.

ಹತ್ತು ದಿನಕ್ಕೆ ಶಾಲೆಯ ಹೆಡ್ ಮೇಡಂ ಲಿವಿಯಾಗೆ ಫೋನು ಮಾಡಿದರು. ನಿಮ್ಮ ಮಗಳು ಮನೆ ಬಿಟ್ಟು ಹೋಗುವ ಯೋಚನೆಯಲ್ಲಿದ್ದಾಳೆ, ನಿಮಗೆ ಗೊತ್ತಿದೆಯೇ ಎಂದು ಕೇಳಿದರಂತೆ. ಲಿವಿಯಾ ಬ್ರೆಡ್ ಕಾರ್ಖಾನೆಯಿಂದ ತಲೆಗೆ ಕಟ್ಟಿದ ಬಿಳಿ ಬಟ್ಟೆಯನ್ನೂ ಬಿಚ್ಚದೆ ಓಡಿ ಬಂದಳು. ಬೈಗುಳ, ಅಳು ಎಲ್ಲ ಮುಗಿದ ಮೇಲೆ ರುಕ್ಸಿ ನನ್ನ ಕಡೆ ತಿರುಗಿದಳು.

“ನಿನ್ನ ಬಿಟ್ಟು ಯಾರಿಗೂ ಹೇಳಿರ್ಲಿಲ್ಲ.”

“ನಾನು ಬಾಯಿ ಬಿಟ್ಟಿಲ್ಲ ಪುಟ್ಟಿ.”

“ಹೌದಾ? ಹಾಗಾದ್ರೆ ಪ್ಲಮ್ ಹಣ್ಣು ಹೋಗಿ ಹೇಳಿರ್ಬೇಕು.”

ಅವಳನ್ನು ಬೈಯುವಂತಿರಲಿಲ್ಲ. ನಾನು ಅದೇ ಶಾಲೆಯ ಬಾಗಿಲು ಕಾಯುವವನು. ಹೆಡ್ ಮೇಡಂ ದಿನಕ್ಕೆರಡು ಸಲ ನನ್ನ ಮುಂದೆಯೇ ಹಾದು ಹೋಗುತ್ತಾರೆ. ಅವಳ ಜಾಗದಲ್ಲಿ ನಾನಿದ್ದರೂ ನನ್ನನ್ನೇ ಅನುಮಾನಿಸುತ್ತಿದ್ದೆ.

ಹೇಳಿದವರು ಯಾರೆಂದು ಹಿಡಿದು ಮೊಮ್ಮಗಳ ಮುಂದೆ ನಿಲ್ಲಿಸದ ಹೊರತು ಅವಳು ನನ್ನನ್ನು ನಂಬುವುದಿಲ್ಲ ಎಂಬುದು ಖಚಿತವಾಯಿತು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆದರೆ ನಮ್ಮ ಕಾಲದವರಿಗೆ ಒಂದು ವಿದ್ಯೆ ಚೆನ್ನಾಗಿ ಬರುತ್ತಿತ್ತು. ಇಬ್ಬರ ನಡುವಿನ ಮಾತು ಹೊರಗೆ ಬಂತೆಂದರೆ ಮೂರನೆಯವನು ಎಲ್ಲಿ ಕೂತಿದ್ದ ಎಂದು ಹುಡುಕುವುದು. ನಾನು ಹುಡುಕತೊಡಗಿದೆ. ಕೊನೆಯಲ್ಲಿ ಕಣ್ಣು ನಿಂತದ್ದು ವೆತೂರಿಯಾ ಮೇಲೆ.

ವೆತೂರಿಯಾ ಶಾಲೆಯ ಲೈಬ್ರರಿ ನೋಡಿಕೊಳ್ಳುವವಳು. ರುಕ್ಸಿ ಸಂಜೆ ಕೂರುವುದು ಅಲ್ಲೇ, ಶಾಲೆ ಕೊಟ್ಟ ಲ್ಯಾಪ್‌ಟಾಪ್ ತೆರೆದುಕೊಂಡು. ನಲವತ್ತು ವರ್ಷದಿಂದ ನಾನೂ ವೆತೂರಿಯಾಳೂ ಹತ್ತು ಗಂಟೆಗೆ ನನ್ನ ಗೇಟಿನ ಕೋಣೆಯಲ್ಲಿ ಕಾಫಿ ಕುಡಿಯುತ್ತೇವೆ. ಅಷ್ಟೇ ಹಳೆಯ ಇನ್ನೊಂದು ಸಂಗತಿಯೂ ಇತ್ತು. ಹಿಂದಿನ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಪ್ರತಿ ವರ್ಷ ಶಾಲೆಯ ಟೈಪ್‌ರೈಟರನ್ನು ಠಾಣೆಗೆ ಒಯ್ದು, ಅಲ್ಲಿ ಒಂದು ಹಾಳೆ ಟೈಪ್ ಮಾಡಿ ಕೊಟ್ಟು ಬರಬೇಕಿತ್ತು. ಊರಿನಲ್ಲಿ ಸರ್ಕಾರದ ಮೇಲೆ ಹೆಸರಿಲ್ಲದ ಚೀಟಿ ಸಿಕ್ಕರೆ ಯಾವ ಯಂತ್ರದ್ದೆಂದು ಅಕ್ಷರ ನೋಡಿ ಹಿಡಿಯುತ್ತಿದ್ದರು. ಯಂತ್ರ ಹೊರುವವನು ನಾನು, ಟೈಪ್ ಮಾಡುವವಳು ವೆತೂರಿಯಾ. ಒಂದು ಹಾಳೆಗೆ ಕಾಲು ಗಂಟೆ ಸಾಕು. ಅವಳು ಒಳಗೆ ಹೋದರೆ ಒಂದೂವರೆ ಗಂಟೆ. ಅಷ್ಟು ಹೊತ್ತು ಒಳಗೆ ಏನು ಹೇಳುತ್ತಿದ್ದಳು? ನಾನು ಕೇಳಿರಲಿಲ್ಲ. ಅವಳ ಮುಂದೆ ಹವಾಮಾನ ಬಿಟ್ಟು ಬೇರೆ ಮಾತೂ ಆಡಿರಲಿಲ್ಲ.

ನಾಲ್ಕನೆಯ ದಿನ ಅವಳು ಕಾಫಿಗೆ ಬಂದು ಕೂತಾಗ ನೇರವಾಗಿಯೇ ಕೇಳಿದೆ.

“ವೆತೂರಿಯಾ, ರುಕ್ಸಿ ವಿಷಯ ಮೇಡಂಗೆ ಹೇಳಿದ್ದು ನೀನೇನಾ?”

ಅವಳು ಲೋಟ ಕೆಳಗಿಟ್ಟಳು. “ಯಾವ ವಿಷಯ?”

“ಗೊತ್ತಿಲ್ದೋರ ಹಾಗೆ ಆಡ್ಬೇಡ. ಠಾಣೇಲಿ ಒಂದೂವರೆ ಗಂಟೆ ಕೂರ್ತಿದ್ಯಲ್ಲ, ಆಗ್ಲೇ ಅಭ್ಯಾಸ ಆಗಿರುತ್ತೆ.”

ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

“ಅಯ್ಯೋ ಪಾಂಫಿಲ್! ಇದನ್ನ ಇಷ್ಟು ವರ್ಷ ಹೊಟ್ಟೇಲಿಟ್ಕೊಂಡು ನನ್ನ ಕೈಯಿಂದ ಬಿಸ್ಕತ್ತು ತಿಂದ್ಯಾ? ಆ ಠಾಣೆ ಕ್ಯಾಪ್ಟನ್ನಿಗೆ ಟೈಪ್ ಮಾಡೋಕೆ ಬರ್ತಿರ್ಲಿಲ್ಲ. ಕಾರು ಕೊಳ್ಳೋಕೆ ಅರ್ಜಿ, ಮಾವನ ಪಿಂಚಣಿಗೆ ಅರ್ಜಿ, ಎಲ್ಲಾ ನನ್ನ ಕೈಲಿ ಮಾಡಿಸ್ಕೋತಿದ್ದ. ಬಿಟ್ಟಿ ಚಾಕರಿ!”

ಅವಳು ಬಿಡಲಿಲ್ಲ.

“ನಾನೂ ಒಂದು ಕೇಳ್ತೀನಿ. ಹೊರಗೆ ಕಾಯ್ತಿದ್ದಾಗ ಪಹರೆಯವನು ನಿಂಗೆ ಸಿಗರೇಟು ಕೊಡ್ತಿದ್ನಲ್ಲ, ಯಾಕೆ? ಪೊಲೀಸಿನವ್ನು ಪುಕ್ಕಟೆ ಸಿಗರೇಟು ಕೊಟ್ಟಿದ್ದು ಎಲ್ಲಾದ್ರೂ ಉಂಟಾ?”

“ಅವ್ನು ನಮ್ಮತ್ತಿಗೆಯ ತಮ್ಮ.”

“ನಿಜವಾಗ್ಲೂ?”

“ದೇವರಾಣೆ.”

“ನಾನು ನೀನೇ ಅವರ ಮನುಷ್ಯ ಅಂದ್ಕೊಂಡಿದ್ದೆ. ಅದಕ್ಕೇ ನಿನ್ ಹತ್ರ ಬರೀ ಮಳೆ ಬಿಸಿಲು ಅಂತ ಮಾತಾಡ್ತಿದ್ದೆ.”

ನಗಬೇಕೋ ಅಳಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಅವಳು ಲೋಟ ಮತ್ತೆ ಕೈಗೆತ್ತಿಕೊಂಡು ಅಂದಳು, “ಯಾರು ಹೇಳಿದ್ರು ಅಂತ ಹುಡುಕ್ತಿದ್ದೀಯಲ್ಲ, ಯಾರೂ ಹೇಳಿಲ್ಲ ಮಾರಾಯ. ಆ ಲ್ಯಾಪ್‌ಟಾಪಲ್ಲಿ ಮಕ್ಕಳು ಏನು ಒತ್ತಿದ್ರೂ ಮೇಡಂ ಕೋಣೆಗೆ ಹೋಗುತ್ತೆ. ‘ಓಡಿಹೋಗು’, ‘ಸಾಯಿ’, ಅಂಥ ಮಾತು ಕಂಡ್ರೆ ಅದೇ ಗಂಟೆ ಹೊಡೆಯುತ್ತೆ. ಅಳಿಸಿ ಹಾಕಿದ್ರೂ ಅಷ್ಟೇ.”

ನನಗೆ ನಂಬಿಕೆ ಬರಲಿಲ್ಲ. ಯಂತ್ರ ತಾನಾಗಿ ಠಾಣೆಗೆ ನಡೆದು ಹೋದದ್ದನ್ನು ನಾನು ಕಂಡವನಲ್ಲ, ಹೊತ್ತವನು. ಟೋಪಿ ತೆಗೆದು ಕೈಯಲ್ಲಿ ಹಿಡಿದು ಮೇಡಂ ಕೋಣೆಗೆ ಹೋದೆ.

ಮೇಡಂ ಕೆಟ್ಟವರಲ್ಲ. ಕುರ್ಚಿ ಕೊಟ್ಟರು. “ಹುಡುಗಿ ಕ್ಷೇಮಕ್ಕೋಸ್ಕರ ಮಾಡಿದ್ದು ಪಾಂಫಿಲ್. ನಾಳೆ ಏನಾದ್ರೂ ಆಗಿದ್ರೆ ನೀವೇ ನನ್ನನ್ನ ಕೇಳ್ತಿದ್ರಿ” ಎಂದರು. ಆ ಮಾತು ತಪ್ಪೆಂದು ನಾನು ಈಗಲೂ ಹೇಳಲಾರೆ.

“ಆದ್ರೆ ಅವಳು ಬರೆದದ್ದು ಅವಳದಲ್ವಾ ಮೇಡಂ? ನೋಡ್ಬಹುದು ಅಂತ ಯಾರು ಹೇಳಿದ್ರು?”

ಅವರು ಕಪಾಟಿನಿಂದ ಒಂದು ಫೈಲು ತೆಗೆದು ಒಪ್ಪಿಗೆ ಪತ್ರವೊಂದನ್ನು ನನ್ನ ಕಡೆ ತಿರುಗಿಸಿದರು. ಚಿಕ್ಕ ಅಕ್ಷರದ ನಾಲ್ಕು ಪುಟ. ಕೊನೆಯಲ್ಲಿ ನನ್ನ ಸಹಿ. ಸೆಪ್ಟೆಂಬರಿನಲ್ಲಿ ಲ್ಯಾಪ್‌ಟಾಪ್ ಹಂಚುವ ದಿನ ಲಿವಿಯಾಗೆ ಹಗಲು ಪಾಳಿ ಇತ್ತು. ‘ಇಲ್ಲಿ ಹಾಕಿ ಅಜ್ಜಾ’ ಎಂದು ಆಫೀಸಿನ ಹುಡುಗಿ ಬೆರಳಿಟ್ಟಲ್ಲಿ ಹಾಕಿ ಬಂದಿದ್ದೆ. ಓದಿರಲಿಲ್ಲ. ಹಿಂದೆ ಸಾಲು ನಿಂತಿತ್ತು, ನಾನು ಓದುವುದು ನಿಧಾನ, ನಾಚಿಕೆಯಾಗಿತ್ತು.

“ಅವಳು ಬರೆದದ್ದೂ ಇದೆ, ನೋಡಿ. ಅಪ್ಪಂಗೆ ಅಂತ ಬರೆದು ಕಳಿಸಿಲ್ಲ. ನಿಮ್ಮ ಬಗ್ಗೇನೂ ಇದೆ” ಎಂದು ಮೇಡಂ ಇನ್ನೊಂದು ಹಾಳೆ ಮುಂದೆ ತಳ್ಳಿದರು.

‘ತಾತ’ ಎಂಬ ಮಾತು ಕಣ್ಣಿಗೆ ಬಿತ್ತು. ಹಾಳೆಯನ್ನು ಬೋರಲು ಹಾಕಿ ಎದ್ದು ಬಂದೆ.

ಸಂಜೆ ರುಕ್ಸಿಗೆ ಎಲ್ಲವನ್ನೂ ಹೇಳಿದೆ. ವೆತೂರಿಯಾಳನ್ನು ಅಂದದ್ದು, ಯಂತ್ರದ ವಿಷಯ, ನನ್ನ ಸಹಿ. ಸಹಿಯ ಮಾತು ನುಂಗಿಬಿಡೋಣ ಎಂದು ಒಂದು ಕ್ಷಣ ಅನಿಸಿದ್ದು ನಿಜ.

“ಅಂದ್ರೆ ಒಂಥರಾ ನೀನೇ ಹೇಳ್ದಂಗೆ ಆಯ್ತು” ಎಂದಳು.

“ಹೌದು.”

“ಅದನ್ನ ಓದಿದ್ಯಾ?”

“ಇಲ್ಲ. ಒಂದು ಮಾತು ಕಂಡಿತು, ‘ತಾತ’ ಅಂತ. ಅಷ್ಟೇ.”

ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಶಾಲೆಯ ಬಾಗಿಲಿಗೆ ಅಪರಿಚಿತರು ಬಂದರೆ ನಾನು ನೋಡುವುದೂ ಹಾಗೆಯೇ. ಆಮೇಲೆ ನೋಟ್‌ಬುಕ್ಕಿನಿಂದ ಹಾಳೆ ಹರಿದು ಪೆನ್ನಿನಲ್ಲಿ ಅರ್ಜಿ ಬರೆದಳು: ಹಿಂದೆ ಕೊಟ್ಟ ಒಪ್ಪಿಗೆ ವಾಪಸು ಪಡೆದಿದ್ದೇವೆ, ಲ್ಯಾಪ್‌ಟಾಪ್ ತಿರುಗಿ ಕೊಡುತ್ತೇವೆ, ತೆಗೆದಿಟ್ಟ ಬರಹವನ್ನು ನಾಶ ಮಾಡಬೇಕು. ಅಡುಗೆಮನೆಯಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಲಿವಿಯಾ ಬಂದು, ಓದಿ, ಮೊದಲ ಸಹಿ ಹಾಕಿದಳು. ನಾನು ಕನ್ನಡಕ ಒರೆಸಿಕೊಂಡು ಒಂದೊಂದೇ ಸಾಲು ಓದಿದೆ. ಇಬ್ಬರೂ ಕಾದರು.

“ಬೆಳಿಗ್ಗೆ ನಾನೇ ಮೇಡಂ ಕೈಗೆ ಕೊಡ್ತೀನಿ ಬಿಡು” ಎಂದೆ ಸಹಿ ಹಾಕಿ.

“ಬೇಡ” ಎಂದು ರುಕ್ಸಿ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. “ನಾನೇ ಆಫೀಸಲ್ಲಿ ಕೊಟ್ಟು ದಾಖಲೆ ನಂಬರ್ ಹಾಕಿಸ್ಕೊಂಡು ಬರ್ತೀನಿ.”

ಮರುದಿನ ಗೇಟಿನಲ್ಲಿ ಅವಳು ನನ್ನ ಮುಂದೆ ಹಾದು ಹೋದಳು. ಲ್ಯಾಪ್‌ಟಾಪೂ ಅರ್ಜಿಯೂ ಇದ್ದ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ನಾನು ಬಾಗಿಲು ತೆರೆದೆ. ಆಫೀಸಿನ ಮೆಟ್ಟಿಲು ಹತ್ತುವಾಗ ಒಮ್ಮೆ ಹಿಂದಿರುಗಿ, ನಾನು ನೋಡುತ್ತಿದ್ದೇನೆಯೇ ಎಂದು ನೋಡಿದಳು.