ಅಯ್ಯನ ಪಾದ

"ಏ ನಾಗ್ಯಾ, ಇದನ್ನ ಒಯ್ದು ಅವನ ತಲಿ ಮ್ಯಾಲ ಇಡೋ ಸೂಳಿಮಗನ! ನನ್ನ ಪಾದಾನs ಅಂತ ತಿಳೀರಿ, ಮುಗೀತು."

ಬದುವಿನ ಮೇಲೆ ನಿಂತಿದ್ದ ಮಠದ ಅಯ್ಯ ಕಲ್ಯಾಣಯ್ಯ ಬಲಗಾಲಿನ ಚಪ್ಪಲಿ ಕಳಚಿ ಕೆಳಗೆ ಎಸೆದ. ತಡವಳದ ಸಮಗಾರರ ಸುಡುಗಾಡಿಗೆ ಅವನು ಇಳಿಯಲೊಲ್ಲ. ಇಳಿದಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತೋ! ಕುಣಿಯೊಳಗೆ ಧೂಳಪ್ಪನ ಹೆಣವನ್ನು ಹಣೆತುಂಬ ವಿಭೂತಿ ಬಳಿದು ಕೂರಿಸಿದ್ದರು. ಅಯ್ಯನ ಪಾದ ತಲೆಗೆ ತಾಗದೆ ಮಣ್ಣು ಎಳೆಯುವಂತಿಲ್ಲ. ತಾಗದಿದ್ದರೆ ಜೀವ ಊರ ಸುತ್ತ ಅಲೆಯುತ್ತದೆಂದು ತಾಯಿ ಉಮಾಬಾಯಿ ನಂಬಿಕೊಂಡೇ ಮುದುಕಿಯಾದವಳು. ಮುಂಜಾನೆಯಿಂದ ಕಾದು ಕಾದು ಅವಳ ಅಳುವೂ ಬತ್ತಿಹೋಗಿತ್ತು.

"ಯಪ್ಪಾ, ನಿಮ್ಮ ತಂದಿಯವ್ರು ಬಂದು ಪಾದ ಇಡ್ತಿದ್ರಲ್ರಿ," ಎಂದಳು.

"ಆಗಿನ ಮಾತ ಬ್ಯಾರೆ. ಭೂಕಂಪ ಆಗಿದ್ದು ಇಂಥಾ ಮೈಲಿಗಿಯಿಂದs ಅಂತ ಪಾಟೀಲರ ಮಂದಿ ಹಟಾ ಹಿಡದಾರ. ಸಮಗಾರರ ಹೆಣಾ ಮುಟ್ಟಿದ ಕಾಲು ನಾವು ತೊಳದು ಪೂಜಿ ಮಾಡಂಗಿಲ್ಲ ಅಂತಾರ. ನನ್ನ ಮಠಾ ನಡೀಬ್ಯಾಡೇನು? ಘಾಯಿ ಮಾಡ್ರಿ, ಲಗೂನ ಮುಗಸ್ರಿ!"

ಮೈದುನ ನಾಗಣ್ಣ ಚಪ್ಪಲಿ ಎತ್ತಿಕೊಂಡ. "ವೈನಿ, ಇಟ್ಟs ಬಿಡೂಣು. ಹೊತ್ತ ಮುಳುಗತದ."

ಉಮಾಬಾಯಿ ಅವನ ಕೈಯ ಚಪ್ಪಲಿಯನ್ನು ನೋಡಿದಳು. ಮಠಕ್ಕೆ ಬಿಟ್ಟಿ ಮೆಟ್ಟು ಹೊಲಿದುಕೊಡುವುದು ಅವರ ಮನೆಯ ಪಾಲಿಗೆ ಬಂದ ಚಾಕರಿ. ಈ ಜೋಡನ್ನು ಧೂಳಪ್ಪ ದೀಪಾವಳಿಗೆ ಕೆಮ್ಮುತ್ತ ಕೆಮ್ಮುತ್ತಲೇ ಹೊಲಿದಿದ್ದ.

"ಇಂವ ಹೊಲದ ಮೆಟ್ಟ ಇವನ ತಲಿ ಮ್ಯಾಲs ಇಡ್ತೀಯೇನೋ? ನಿನ್ನ ಕೈ ಸೇದಿ ಹೋಗ್ಲಿ!"

ಕಸಿದುಕೊಂಡು ಬದುವಿನತ್ತ ಬೀಸಿದಳು. "ತಗೋ ನಿಂದು! ಇವತ್ತಿಂದ ನಮ್ಮ ಓಣಿಗಿ ನೀ ಅಯ್ಯ ಅಲ್ಲ. ಹುಟ್ಟಿಗೂ ಬರಬ್ಯಾಡ, ಸಾವಿಗೂ ಬರಬ್ಯಾಡ."

"ಪಾದ ಬೀಳದ ಹೆಣಾ ಪಿಶಾಚಿ ಆಗತದ, ಮುದುಕಿ! ಆಮ್ಯಾಲ ನನ್ನ ಕಡೀಗಿ ಅಳಕೋತ ಬರಬ್ಯಾಡ."

ಉಮಾಬಾಯಿ ಕುಣಿಯ ದಂಡೆಗೆ ಕುಕ್ಕರಿಸಿ ಕೂತಳು. ಸೀರೆ ಮೊಣಕಾಲಿಗೆ ಎತ್ತಿ, ಒಡಕು ಹಿಮ್ಮಡಿಯ ಕಾಲನ್ನು ಮೆಲ್ಲಗೆ ಇಳಿಬಿಟ್ಟು ಮಗನ ತಲೆಯ ಮೇಲೆ ಇಟ್ಟಳು.

"ಹಡದಾಕಿ ನಾನು. ಸಾಲೂದಿಲ್ಲೇನು ಇದು?"

ನಾಗಣ್ಣ ಮುಖ ತಿರುಗಿಸಿದ.

"ಎಳೀರಿ ಮಣ್ಣ," ಎಂದಳು.

ಸಲಿಕೆಗೆ ಒಬ್ಬನೂ ಕೈ ಹಾಕಲಿಲ್ಲ. ಉಮಾಬಾಯಿ ಕಾಲು ತೆಗೆಯಲಿಲ್ಲ. ಕೂತಲ್ಲಿಂದಲೇ ಎರಡೂ ಕೈಯಿಂದ ಮಣ್ಣು ಬಾಚಿ ಬಾಚಿ ಒಳಗೆ ಎಳೆಯತೊಡಗಿದಳು.